ಬೋರಿನೊಳಗಿನ ಹಿಡಿತ

ಸರಪಳಿ ಬಿಗಿದು ನಿಂತಿತ್ತು. ಪೈಪು ಮಾತ್ರ ಅಲುಗಲಿಲ್ಲ.

"ಜಗ್ಗು ಖಾಜಾಸಾಬ, ಜಗ್ಗು! ಸಿಕ್ಕೈತಿ ಅದು, ಎಲ್ಲಿಗೆ ಹೋಗ್ತೈತಿ?" ಎನ್ನುತ್ತ ಸಂಗಣ್ಣ ಚೈನ್ ಪುಲ್ಲಿಯ ಸರಪಳಿಗೆ ಜೋತುಬಿದ್ದ. ಬೋರಿನ ಬಾಯಿಯ ಮೇಲೆ ನಿಲ್ಲಿಸಿದ್ದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಕರಕರ ಎಂದಿತು. ಅದರ ಒಂದು ಕಾಲು ಕರಿಮಣ್ಣಿನಲ್ಲಿ ಹೂತುಹೋಗುತ್ತಿರುವುದನ್ನು ವಸುಧಾ ನೋಡಿದಳು. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಖಾಜಾಸಾಬನೂ ಸರಪಳಿಗೆ ಕೈಹಾಕಿ ಉಸಿರು ಕಟ್ಟಿದ್ದ.

ಅಗರಖೇಡದ ಸಂಗಣ್ಣನ ಈ ಲಿಂಬೆ ತೋಟಕ್ಕೆ ಇದ್ದದ್ದು ಇದೊಂದೇ ಬೋರು. ಹೋದ ವಾರ ರಿಪೇರಿಗೆಂದು ಮೋಟರು ಎತ್ತುವಾಗ ನಡುವೆ ಪೈಪು ಮುರಿದು, ಮೋಟರು, ಕೇಬಲ್ಲು, ಉಳಿದ ಪೈಪು ಎಲ್ಲ ತಳಕ್ಕೆ ಬಿದ್ದಿದ್ದವು. ಕೊಕ್ಕೆ ಬಿಟ್ಟು ಹುಡುಕುವವರು ಬಂದು ಕೈಚೆಲ್ಲಿ ಹೋದ ಮೇಲೆ, ಇಂಡಿ ಪಟ್ಟಣದಲ್ಲಿ ಲೇತ್ ಅಂಗಡಿ ಇಟ್ಟಿರುವ ಖಾಜಾಸಾಬ, "ನಮ್ಮ ಜಯತೀರ್ಥ ಮಾಸ್ತರ ಮಗಳು ಒಂದು ಹೊಸಾ ಸಾಧನ ಹುಡುಕ್ಯಾಳ. ನನ್ನ ಅಂಗಡ್ಯಾಗ ತಯಾರಾಗೈತಿ. ಇಳಿಸಿ ನೋಡೂಣೇನು?" ಎಂದಿದ್ದ.

ಇಂಜಿನಿಯರಿಂಗ್ ಓದುವಾಗ ಎಣ್ಣೆಬಾವಿಗಳ ಪಾಠದಲ್ಲಿ ಆ ಮಾಸ್ತರ ಮಗಳು ವಸುಧಾ ಒಂದು ಚಿತ್ರ ನೋಡಿದ್ದಳು. ಭೂಮಿಯ ಆಳದಲ್ಲಿ ಮುರಿದುಬಿದ್ದ ಪೈಪಿನ ತಲೆಗೆ ಟೊಪ್ಪಿಗೆಯಂತೆ ಕೂತು, ಒಳಗಿನ ಹಲ್ಲುಗಳಿಂದ ಕಚ್ಚಿ ಹಿಡಿಯುವ ಸಾಧನ. ಅದನ್ನು ನಡೆಸಲು ಮನೆಯಷ್ಟು ದೊಡ್ಡ ಯಂತ್ರ ಬೇಕು. ಅದನ್ನೇ ಬೋರಿನ ಅಳತೆಗೆ ಇಳಿಸಿ, ಕೈಯಿಂದ ನಡೆಸುವಂತೆ ಮಾಡಬಹುದೇ ಎಂಬ ಯೋಚನೆ ಅವಳ ತಲೆಹೊಕ್ಕಿತು. ಮನೆಯಲ್ಲಿ ನೌಕರಿಯ ಮಾತು ಎದ್ದಾಗಲೆಲ್ಲ ಚಪ್ಪಲಿ ಮೆಟ್ಟಿ ಖಾಜಾಸಾಬನ ಅಂಗಡಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಲೇತಿನ ಸದ್ದಿನಲ್ಲಿ ಮಾತಾಡುವ ಗರಜೂ ಬೀಳುತ್ತಿರಲಿಲ್ಲ. ಜಗ್ಗಿದಷ್ಟೂ ಬಿಗಿಯುವ ಹಲ್ಲು ಮಾಡಿದಳು, ಬೇಕಾದಾಗ ಮೇಲಿನಿಂದ ತಿರುವಿದರೆ ಅವು ಬಿಡುವಂತೆಯೂ ಮಾಡಿದಳು. ಖಾಜಾಸಾಬ ನಕ್ಕಿದ್ದ. "ಹಿಡಿಯೂದು ಸೈ ತಂಗಿ. ಬಿಡೂದು ಯಾಕ ಬೇಕು?"

ಬೆಳಿಗ್ಗೆಯಿಂದ ಪೈಪಿಗೆ ಪೈಪು ಜೋಡಿಸುತ್ತ ಆ ಸಾಧನವನ್ನು ಇಳಿಸಿದ್ದರು. ತಳದಲ್ಲಿ ಟಕ್ಕೆಂದು ಕೂತು, ಕಚ್ಚಿ, ಒಂದು ಗೇಣು ಮೇಲೂ ಬಂದಿತ್ತು. ಸಂಗಣ್ಣ ಕುಣಿದೇಬಿಟ್ಟಿದ್ದ. ಆಮೇಲೆ ಈ ಜಗ್ಗಾಟ.

ವಸುಧಾ ಬೋರಿನ ಬಾಯಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಎರಡು ಪೈಪು ಕೂಡುವ ಜಾಗದಲ್ಲಿ, ತುಕ್ಕಿನ ನಡುವೆ, ಬೆಳ್ಳಗೆ ಒಂದು ಗೆರೆ ಹೊಳೆಯುತ್ತಿತ್ತು. ಈಗಷ್ಟೇ ಹೊರಬಿದ್ದ ತಿರುಪಿನ ಥ್ರೆಡ್ಡು.

"ನಿಲ್ಲಸ್ರಿ," ಎಂದಳು. ಯಾರಿಗೂ ಕೇಳಿಸಲಿಲ್ಲ. ಎದ್ದು ಹೋಗಿ ಸರಪಳಿಯನ್ನೇ ಹಿಡಿದಳು.

"ಏ ಇಂಜಿನೇರ ಬಾಯಾರ, ಕೈ ತಗೀರಿ! ಬೆರಳ ಹೋಗ್ತಾವ!" ಸಂಗಣ್ಣ ಬೆಚ್ಚಿದ.

"ಪೈಪ್ ಕಿತಗೊಂಡು ಬರ್ಲಿಕ್ಕತ್ತದರಿ. ಇನ್ನೊಮ್ಮೆ ಜಗ್ಗಿದ್ರ ಇದೂ ಹೋಗಿ ಮೋಟರಿನ ಮ್ಯಾಲೆ ಬೀಳ್ತದ. ಆಮ್ಯಾಲೆ ಯಾರ ಬಂದ್ರೂ ತಗೀಲಿಕ್ಕೆ ಆಗೂದಿಲ್ಲ."

"ಮತ್ತೇನ್ ಮಾಡೂಣಂತೀರಿ?"

"ಬಿಡಬೇಕ್ರಿ."

"ಬಿಡಬೇಕಾ? ಹಿಡಿದದ್ದನ್ನ ಬಿಡಸಾಕ ನಿಮ್ಮನ್ನ ಇಂಡಿಯಿಂದ ಕರಕೊಂಡ ಬಂದೆನೇನ ನಾನು?"

ಖಾಜಾಸಾಬ ಹಣೆ ಒರೆಸಿಕೊಂಡ. ಅವನಿಗೂ ಬಿಡಲು ಮನಸ್ಸಿರಲಿಲ್ಲ. "ಇನ್ನೊಂದೀಟು ನೋಡೂಣಲಾ ತಂಗಿ. ನನ್ನ ಕೆಲಸ ಗಟ್ಟಿ ಐತಿ."

"ನಿಮ್ಮ ಕೆಲಸ ಗಟ್ಟಿನ ಅದರಿ ಕಾಕಾ. ಈ ಪೈಪ್ ಹಳೇವು."

"ಹಳೇವು ಸಾಕಂದಾವ್ರು ಯಾರಪಾ?" ಎಂದಳು ಸಂಗಣ್ಣನ ಹೆಂಡತಿ ರೇವವ್ವ, ಲಿಂಬೆಗಿಡದ ನೆರಳಿನಿಂದ.

"ನೀ ಸುಮ್ಮ ಕುಂದ್ರು."

"ಕುಂದ್ರತೇನಿ. ಬೋರು ಹೋದ ಮ್ಯಾಲೆ ಇಬ್ರೂ ಕೂಡೇ ಕುಂದ್ರೂಣು. ಅಕಿ ಮಾಡಿದ್ದು ಅಕಿಗೆ ಗೊತ್ತಿರ್ತೈತಿ. ಸಡಲ ಬಿಡು."

ಸಂಗಣ್ಣ ಹೆಂಡತಿಯ ಮುಖ ನೋಡಿದ, ಬೋರಿನ ಬಾಯಿ ನೋಡಿದ. ಹಲ್ಲು ಕಚ್ಚಿ ಸರಪಳಿ ಸಡಿಲಿಸಿದ. ಪೈಪು ತನ್ನ ಭಾರಕ್ಕೆ ತಾನೇ ಕೆಳಗೆ ಕೂತಿತು. ಖಾಜಾಸಾಬ ಪೈಪು ತಿರುಗಿಸುವ ಉದ್ದನೆಯ ಪಾನಾ ಕಚ್ಚಿಸಿ, ಅಂಗೈಗೆ ಉಗುಳಿಕೊಂಡು, ಜನ್ಮದುದ್ದಕ್ಕೂ ನಟ್ಟು ಬಿಚ್ಚಿದ ರೂಢಿಯಲ್ಲಿ ಅದನ್ನು ಎಡಕ್ಕೆ ಎಳೆದ.

"ಎಡಕ್ಕಲ್ಲ!"

ಆ ಕೂಗು ತನ್ನದೇ ಎಂದು ಗೊತ್ತಾಗಲು ವಸುಧಾಗೆ ಒಂದು ಗಳಿಗೆ ಹಿಡಿಯಿತು. "ಬಲಕ್ಕ ಕಾಕಾ, ಬಲಕ್ಕ! ಎಡಕ್ಕ ತಿರುವಿದ್ರ ನಮ್ಮ ಪೈಪ್‌ಗಳ ಬಿಚ್ಚಿಕೋತಾವ!"

ಖಾಜಾಸಾಬನ ಕೈ ಅಲ್ಲೇ ನಿಂತಿತು. "ಮಾಡಿದಾವನೂ ನಾನ, ಮರತಾವನೂ ನಾನ," ಎಂದು ಗೊಣಗಿ ಪಾನಾ ತಿರುಗಿಸಿ ಹಾಕಿದ.

ಬಲಕ್ಕೆ ಅದು ಸುಲಭವಾಗಿ ಬರಲಿಲ್ಲ. ಆಳದ ತನಕ ಪೈಪು ಹುರಿಗೊಂಡು, ಎಳೆದಷ್ಟೂ ವಾಪಸು ತಳ್ಳುತ್ತಿತ್ತು. ವಸುಧಾಳೂ ಪಾನಾಕ್ಕೆ ಕೈಕೊಟ್ಟಳು. ಸೆರಗು ಸಿಕ್ಕಿಸಿ ಬಂದ ರೇವವ್ವ ಪಕ್ಕದಲ್ಲಿ ನಿಂತು ತಾನೂ ಪಾನಾ ಹಿಡಿದು, ವಸುಧಾಗೆ, "ನನ್ನ ಮಾರಿ ಏನ್ ನೋಡ್ತಿ? ತಿರುವು," ಎಂದಳು.

"ಅಣ್ಣಾರ, ಈಗ ಒಂದೀಟ ಎತ್ರಿ. ಸಾವಕಾಶ... ಸಾಕು, ಸಾಕು," ಎಂದಳು ವಸುಧಾ ಸಂಗಣ್ಣನಿಗೆ.

ಒಮ್ಮೆಲೇ ಪಾನಾ ಸಡಿಲವಾಗಿ ಮೂವರೂ ಮುಗ್ಗರಿಸಿದರು. ಸರಪಳಿ ಹಗುರಾಯಿತು.

"ಹೋತು," ಎಂದ ಸಂಗಣ್ಣ. "ಕಿತಗೊಂಡ ಹೋತು."

ಹಲ್ಲು ಬಿಟ್ಟಿದ್ದರೂ ಹಗುರವೇ, ಪೈಪು ಕಿತ್ತುಹೋಗಿದ್ದರೂ ಹಗುರವೇ. ಮೇಲೆತ್ತದೆ ಗೊತ್ತಾಗುವ ದಾರಿಯಿರಲಿಲ್ಲ. ಒಂದೊಂದೇ ಪೈಪು ಎತ್ತಿ, ಬಿಚ್ಚಿ, ಬದುವಿಗೆ ಒರಗಿಸುತ್ತ ಹೋದರು. ಪ್ರತಿ ಪೈಪಿನ ತುದಿ ಹೊರಬರುವಾಗಲೂ ವಸುಧಾ ಮುಂದಿನದೊಂದು ಅದಕ್ಕೆ ಅಂಟಿಕೊಂಡಿದೆಯೇ ಎಂದು ನೋಡುತ್ತಿದ್ದಳು. ರೇವವ್ವ ತಂದಿಟ್ಟಿದ್ದ ಚಹಾ ತಣ್ಣಗಾಗಿ ಕೆನೆಗಟ್ಟಿತು.

ಕಟ್ಟಕಡೆಯ ಪೈಪಿನ ಜೊತೆ, ಮೈತುಂಬ ಕೆಸರು ಮೆತ್ತಿಕೊಂಡು, ಅವಳ ಕಬ್ಬಿಣದ ಟೊಪ್ಪಿಗೆ ಮೇಲೆ ಬಂತು. ಹಲ್ಲುಗಳ ನಡುವೆ ಕರಿ ಕೇಬಲ್ಲಿನ ಚೂರುಗಳು ಸಿಕ್ಕಿಕೊಂಡಿದ್ದವು. ಖಾಜಾಸಾಬ ಅದನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು ನೆಲಕ್ಕೆ ಕುಸಿದು ಕೂತ.

"ಮೋಟರ್?" ಎಂದ ಸಂಗಣ್ಣ.

"ಒಳಗ ಅದರಿ. ಕೇಬಲ್ ಉಂಡಿಗಟ್ಟಿ ಅದನ್ನ ಹಿಡಕೊಂಡದ. ಮೊದಲ ಕೇಬಲ್ ತಗೀಬೇಕು, ಆಮ್ಯಾಲೆ ಮತ್ತ ಇದನ್ನ ಇಳಸೂದು. ಹೊಸ ಪೈಪಿಗೆ."

ಸಂಗಣ್ಣ ಸಿಟ್ಟಾಗುತ್ತಾನೆಂದು ಅವಳು ಕಾದಳು. ಅವನು ಬದುವಿಗೆ ಒರಗಿಸಿದ್ದ ಹಳೆಯ ಪೈಪುಗಳ ಕಡೆ ನೋಡಿದ. "ಬೋರಿಗೇನೂ ಆಗಿಲ್ಲಲಾ?" ಎಂದು ಕೇಳಿದಾಗ ದನಿ ಇಳಿದಿತ್ತು.

ರೇವವ್ವ ತೋಟದ ಮನೆಯೊಳಗೆ ಹೋಗಿ ಗೋಡೆಯ ಕನ್ನಡಿ ಕಿತ್ತು ತಂದಳು. ಸಂಗಣ್ಣ ಅದನ್ನು ಇಳಿಬಿಸಿಲಿಗೆ ಹಿಡಿದು, ಅತ್ತ ಇತ್ತ ಆಡಿಸಿ, ಬೆಳಕನ್ನು ಬೋರಿನ ಬಾಯಿಗೆ ತಿರುಗಿಸಿದ. ಕನ್ನಡಿಗೆ ಅಂಟಿಸಿದ್ದ ರೇವವ್ವನ ಹಣೆಯ ಟಿಕಳಿಯ ನೆರಳು ಚುಕ್ಕೆಯಾಗಿ ವಸುಧಾಳ ಕೈಮೇಲೆ ಹಾದುಹೋಯಿತು. ಅವಳು ಮೊಳಕಾಲೂರಿ ಬಗ್ಗಿದಳು. ಬೆಳಕು ಎಲ್ಲೂ ತಡೆಯದೆ ಇಳಿಯುತ್ತಲೇ ಹೋಯಿತು. ತೀರಾ ಕೆಳಗೆ ಬಿಲ್ಲೆಯಷ್ಟು ನೀರು ಹೊಳೆದು, ನಡುಗಿ, ನಿಂತಿತು.