ಬೇಬಿಯಕ್ಕ ಒತ್ತಿದ್ದು ಮೀನನ್ನೇ

ನನ್ನನ್ನು ಮೊದಲು ಮುಟ್ಟಿದ್ದು ಹೆಸರು ಗೊತ್ತಿಲ್ಲದ ಒಬ್ಬ ಹೆಣ್ಣುಮಗಳ ಹೆಬ್ಬೆರಳು. ಮೊಬೈಲ್ ಫೋನಿನ ಹುಟ್ಟು ಅಂದರೆ ಅಷ್ಟೇ, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ದೊಡ್ಡ ಕಾರ್ಖಾನೆ, ಕಣ್ಣು ಕುಕ್ಕುವ ಬಿಳಿ ದೀಪ, ಸಾಲಾಗಿ ಕೂತ ಹುಡುಗಿಯರು. ಒಬ್ಬಳು ಹೊಟ್ಟೆಗೆ ಬ್ಯಾಟರಿ ಇಟ್ಟಳು, ಒಬ್ಬಳು ಮುಖಕ್ಕೆ ಗಾಜು ಅಂಟಿಸಿದಳು. ಕೊನೆಯವಳು ಗವಸು ಕಳಚಿ ಹೆಬ್ಬೆರಳಿಟ್ಟು ಬೀಗ ಹಾಕಿದಳು, ತೆಗೆದಳು. ಆಮೇಲೆ ಪಕ್ಕದವಳ ಬೆರಳನ್ನೂ ಹಿಡಿದು ಒತ್ತಿಸಿದಳು. ನಾನು ಜಪ್ಪಯ್ಯ ಅನ್ನಲಿಲ್ಲ. ಅವಳು ತಲೆಯಾಡಿಸಿ ನನ್ನನ್ನು ಡಬ್ಬಿಗೆ ಹಾಕಿದಳು. ಕಂಡಕಂಡವರಿಗೆ ಬಾಯಿ ಬಿಡಬಾರದು ಅನ್ನುವುದನ್ನು ಅವತ್ತೇ ಕಲಿತೆ. ನನಗೆ ಗೊತ್ತಿದ್ದ ಮರ್ಯಾದೆ ಅದೊಂದೇ.

ಮೊದಲ ಯಜಮಾನರು ಉಡುಪಿಯ ಒಂದು ಲಾಡ್ಜಿನ ಮ್ಯಾನೇಜರು, ಶ್ರೀಪತಿ ರಾಯರು. ಸಕ್ಕರೆ ಕಾಯಿಲೆ ಇತ್ತು. ಮನೆಯಲ್ಲಿ ಹೆಂಡತಿ ಸಪ್ಪೆ ಗಂಜಿ ಕೊಡುತ್ತಿದ್ದರೆ ಇವರು ಮಧ್ಯಾಹ್ನ ಕೌಂಟರಿನ ಕೆಳಗೆ ಬಗ್ಗಿ ನನ್ನ ಮೂಲಕ ಜಿಲೇಬಿ ತರಿಸಿಕೊಳ್ಳುತ್ತಿದ್ದರು. ಆ ಅಮ್ಮ ನನ್ನನ್ನು ಎಷ್ಟು ಸಲ ಎತ್ತಿಕೊಂಡು ತಿರುವಿ ಮುರುವಿ ನೋಡಿದರೋ! ನಾನು ಬಾಯಿ ಬಿಟ್ಟೆನೆ? ಇಲ್ಲ. ರಾಯರು ಹೊಸ ಫೋನು ಕೊಂಡ ದಿನ ನನ್ನನ್ನು ಒಂದು ಮಾತೂ ಆಡದೆ ಅಂಗಡಿಯವನ ಕೈಗೆ ದಾಟಿಸಿದರು. ಹೋಗಲಿ ಬಿಡಿ, ಅದಕ್ಕೆ ನನಗೆ ಬೇಜಾರಿಲ್ಲ. ಅವರ ಗುಟ್ಟು ಉಳಿಯಿತಲ್ಲ.

ಆ ಅಂಗಡಿಯಿಂದ ಈ ಅಂಗಡಿಗೆ ಬಂದು ಕೊನೆಗೆ ಕುಂದಾಪುರದ ಕಡೆಯ ಒಂದು ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ಕೂತೆ. ಅಲ್ಲಿಂದ ನನ್ನನ್ನು ಕೊಂಡವಳು ಬೇಬಿಯಕ್ಕ. ಮೀನು ಮಾರುವವಳು. ಗಟ್ಟಿ ಹೆಂಗಸು, ಗಂಟಲು ಅದಕ್ಕಿಂತ ಗಟ್ಟಿ. ಅಂಗಡಿಯವನು ಅವಳ ಹೆಬ್ಬೆರಳನ್ನು ನನಗೆ ಒತ್ತಿಸಿದ. ನಾನು ಹುಡುಕಿದೆ, ಹುಡುಕಿದೆ, ಗೆರೆಯೇ ಸಿಗಲಿಲ್ಲ.

“ಹ್ವಾಯ್, ಇದ್ ನನ್ ಗುರ್ತ ಹಿಡಿತಿಲ್ಲೆ ಮಾರಾಯ್ರೆ!” ಎಂದಳು ಬೇಬಿಯಕ್ಕ.

“ಮೀನ್ ಕೆತ್ತಿ ಕೆತ್ತಿ, ಐಸಲ್ಲಿ ಕೈ ಹಾಕಿ ಹಾಕಿ ನಿಮ್ ಬೆರಳ್ ಗೆರೆ ಸವ್ದ್ ಹೋಯ್ತಲೆ ಅಕ್ಕ. ನಂಬ್ರ ಹಾಕುವ. ಮರೀದ್ ನಂಬ್ರ ಒಂದ್ ಹೇಳಿ.”

“ನನ್ ಕಲ್ಲಿನ ನಂಬ್ರ ಹಾಕಿ. ಅದ್ ಸತ್ರೂ ಮರೂದಿಲ್ಲ.”

ಮೀನು ಮಾರ್ಕೆಟ್ಟಿನಲ್ಲಿ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಕಲ್ಲುಚಪ್ಪಡಿ. ಅದರ ಮೇಲೆ ಮೀನು ಇಟ್ಟು ಅದರ ಹಿಂದೆ ಮಣೆ ಹಾಕಿ ಕೂರುವುದು. ಕಲ್ಲಿನ ಮುಂಭಾಗದಲ್ಲಿ ದೊಡ್ಡದಾಗಿ ಕೆಂಪು ಬಣ್ಣದಲ್ಲಿ ನಂಬರು. ಬೇಬಿಯಕ್ಕನದು ಇಪ್ಪತ್ತೇಳು. ನನ್ನ ಬೀಗಕ್ಕೆ ನಾಲ್ಕು ಅಂಕಿ ಬೇಕಲ್ಲ, ಅಂಗಡಿಯವನು ಅದನ್ನೇ ಎರಡು ಸಲ ಹಾಕಿಕೊಟ್ಟ. ಬೇಬಿಯಕ್ಕ ಇದನ್ನು ಮಾರ್ಕೆಟ್ಟಿಗೆಲ್ಲ ಹೇಳಿದಳು. ಬೆರಳ ಗೆರೆ ಸವೆದ ಹೆಂಗಸರು ಅಲ್ಲಿ ಅವಳೊಬ್ಬಳೇ ಅಲ್ಲ. ಎಲ್ಲರೂ ಹಾಗೇ ಮಾಡಿಕೊಂಡರು. ಯಾರಾದರೂ ಮರೆತರೆ ಪಕ್ಕದವಳು, “ನಿನ್ ಕಲ್ಲ್ ಕಾಣೆ, ಹೆಡ್ಡಿ!” ಎಂದು ನಗುತ್ತಿದ್ದಳು. ಬೀಗದ ಕೈಯನ್ನು ಬಾಗಿಲಿಗೇ ನೇತು ಹಾಕುವವರನ್ನು ಎಲ್ಲಾದರೂ ಕಂಡಿದ್ದೀರಾ? ಆದರೆ ಅವರಿಗೆ ಅದು ಬೀಗ ಅನ್ನಿಸಿರಲೇ ಇಲ್ಲ. ಅಲ್ಲಿ ಒಬ್ಬಳ ಕತ್ತಿಯನ್ನು ಇನ್ನೊಬ್ಬಳು ಕೇಳದೆ ತೆಗೆದುಕೊಳ್ಳುತ್ತಿದ್ದಳು, ಒಬ್ಬಳ ಬುತ್ತಿಯನ್ನು ಇನ್ನೊಬ್ಬಳು ಬಿಚ್ಚುತ್ತಿದ್ದಳು.

ಬೇಬಿಯಕ್ಕನ ಹತ್ತಿರ ನಾನು ಸುಖವಾಗಿಯೇ ಇದ್ದೆ. ನನ್ನ ಗಾಜಿನ ಮೇಲೆ ಯಾವಾಗಲೂ ಮೀನೆಣ್ಣೆಯ ಜಿಡ್ಡು, ಎರಡು ಮೂರು ಮೀನಿನ ಹುರುಪೆ, ಒಣಗಿದ ಉಪ್ಪುನೀರು. ಮೊದಮೊದಲು ಹೇಸಿಗೆಯಾಯಿತು. ಆಮೇಲೆ ಆ ಜಿಡ್ಡಿಲ್ಲದಿದ್ದರೆ ಯಾರೋ ಬೇರೆಯವರ ಕೈಯಲ್ಲಿದ್ದ ಹಾಗೆ ಅನ್ನಿಸುತ್ತಿತ್ತು. ಬೇಬಿಯಕ್ಕ ಬೂತಾಯಿ ಮೀನು ಕೊಡುವಾಗಲೇ ಹೆಬ್ಬೆರಳಿನಿಂದ ನಂಬರು ಒತ್ತಿ ನನ್ನನ್ನು ತೆರೆದು ಮಗಳಿಗೆ ಫೋನು ಮಾಡುತ್ತಿದ್ದಳು.

ಮಾರ್ಕೆಟ್ಟಿನ ಎದುರಿಗೆ, ಕಲ್ಲುಗಳ ಸಾಲು ಪೂರ್ತಿ ಕಾಣುವ ಹಾಗೆ, ತಗಡಿನ ಒಂದು ಸೋಡದ ಗೂಡಂಗಡಿ ಇತ್ತು. ವನಜಳದ್ದು. ಗಂಡ ತೀರಿಕೊಂಡ ಮೇಲೆ ದಿಕ್ಕಿಲ್ಲದೆ ಬಂದವಳನ್ನು ಆ ಜಾಗದಲ್ಲಿ ಕೂರಿಸಿದವಳು ಬೇಬಿಯಕ್ಕನೇ. ತೆಗೆಯಿಸಲು ಬಂದವರ ಜೊತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳವಾಡಿದ್ದಳಂತೆ. ವನಜ ಅವಳನ್ನು ‘ಅಕ್ಕ’ ಎನ್ನುತ್ತಿದ್ದಳು. ಬಾಯಿತುಂಬ ಎನ್ನುತ್ತಿದ್ದಳು. ಗೂಡಂಗಡಿಯಲ್ಲಿ ಕರೆಂಟಿತ್ತು. ಹೆಂಗಸರು ದೋಣಿ ಬಂದಾಗ ಮೀನು ಇಳಿಸುವ ದಕ್ಕೆಗೆ ಹೋಗುವಾಗ ಫೋನುಗಳನ್ನೆಲ್ಲ ವನಜಳ ಹತ್ತಿರ ಚಾರ್ಜಿಗೆ ಬಿಟ್ಟು ಹೋಗುವುದು ರೂಢಿ. ನೀರಿನ ಹತ್ತಿರ ಫೋನು ಯಾಕೆ, ಬಿದ್ದರೆ ಹೋಯಿತಲ್ಲ. ವನಜಳಿಗೆ ಕೈ ಚೊಕ್ಕಟ. ಫೋನನ್ನು ಅಂಚಿನಲ್ಲಿ ಹಿಡಿದೇ ಚಾರ್ಜಿಗೆ ಹಾಕುವಳು, ಗಾಜು ಮುಟ್ಟಬೇಕಾಗಿ ಬಂದಾಗ ಮಾತ್ರ ಮೊದಲು ಸೆರಗಿನಿಂದ ಒರೆಸಿಕೊಳ್ಳುವಳು. ಮೀನಿನ ವಾಸನೆ ಅವಳಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಬೈಪಾಸಿನ ಹತ್ತಿರ ಹೊಸ ಮೀನು ಮಾರ್ಕೆಟ್ಟಿನ ಕಟ್ಟಡ ಎದ್ದಿತು. ಕಟ್ಟಿದವನು ಕಂತ್ರಾಟುದಾರ ದಿವಾಕರ. ಮಹಡಿಯ ಮೇಲೆ ಮೀನು, ಕೆಳಗೆ ಬೇರೆ ಅಂಗಡಿ. ಹೆಂಗಸರ ಸಂಘ ಒಪ್ಪಿದರೆ ಹಳೆಯ ಮಾರ್ಕೆಟ್ಟು ಖಾಲಿ, ಒಪ್ಪದಿದ್ದರೆ ಇಲ್ಲೇ. ಬೇಬಿಯಕ್ಕನಿಗೆ ಇದು ಬದುಕಿನ ಪ್ರಶ್ನೆ. ಬಸ್ಸಿಳಿದವರು ಚೀಲ ಹಿಡಿದು ನೇರ ಅವಳ ಕಲ್ಲಿನ ಮುಂದೆ ಬರುತ್ತಿದ್ದರು. ಎರಡು ಮೀನಿಗಾಗಿ ಬೈಪಾಸಿಗೆ ಹೋಗಿ ಮೆಟ್ಟಿಲು ಹತ್ತುವವರು ಯಾರು?

ಹಿಂದೆಲ್ಲ ಸಂಘದಲ್ಲಿ ಕೈ ಎತ್ತಿಯೇ ತೀರ್ಮಾನ. ಆದರೆ ಯಾರು ಕೈ ಎತ್ತಿದರು ಅಂತ ದಿವಾಕರನ ಕಡೆಯವರು ನೋಡಿಕೊಂಡು ಹೋಗಿ ಸಂಜೆ ಹೆದರಿಸಲು ಮನೆಬಾಗಿಲಿಗೆ ಬರುತ್ತಿದ್ದರು. ಆಗ ಯಾರೋ ಫೋನಿನಲ್ಲಿ ಗುಟ್ಟಾಗಿ ಓಟು ಹಾಕುವ ಆಪಿನ ಸುದ್ದಿ ತಂದರು. ಕೆಲವರು ಹಿಂದೆ ಮುಂದೆ ನೋಡಿದರು. ಎದ್ದು ನಿಂತು ಮಾತಾಡಿದವಳು ನನ್ನ ಬೇಬಿಯಕ್ಕ.

“ಕೈ ಎತ್ತಿರೆ ಎಲ್ಲರಿಗೂ ಕಾಣತ್ತ್. ಫೋನಲ್ಲಿ ಒತ್ತಿರೆ ನಂಗೊಂದ್ ಗೊತ್ತ್, ದೇವ್ರಿಗೊಂದ್ ಗೊತ್ತ್. ಹೆದ್ರುದ್ ಎಂತಕ್ಕೆ? ಇದ್ರಲ್ಲೇ ಹಾಕುವ!” ಎಂದು ನನ್ನನ್ನು ಎತ್ತಿ ತೋರಿಸಿದಳು.

ಆ ದಿನ ನನಗಾದ ಹೆಮ್ಮೆ ಹೇಳತೀರದು. ಜಿಲೇಬಿ ಬಚ್ಚಿಡುತ್ತಿದ್ದವನಿಗೆ ಇಷ್ಟು ದೊಡ್ಡ ಗುಟ್ಟು!

ಆಪಿನವರು ಬಂದು ವಿವರಿಸಿದರು. ಇಲ್ಲೇ ಇರಬೇಕೆನ್ನುವವರು ಮೀನಿನ ಚಿತ್ರ ಒತ್ತಬೇಕು, ಹೋಗಬೇಕೆನ್ನುವವರು ಕಟ್ಟಡದ ಚಿತ್ರ. ಯಾರು ಯಾವುದನ್ನು ಒತ್ತಿದರು ಎಂದು ಯಾರಿಗೂ ಯಾವತ್ತೂ ತಿಳಿಯುವುದಿಲ್ಲ. ಇನ್ನೊಂದು ಮಾತನ್ನೂ ಹೇಳಿದರು. ಯಾರಾದರೂ ಹೆದರಿಸಿ ಎದುರಿಗೇ ನಿಂತು ಒತ್ತಿಸಿದರೆ ಅಳಬೇಡಿ, ಅವರು ಹೋದ ಮೇಲೆ ನಿಮ್ಮ ಇಷ್ಟದ್ದನ್ನು ಮತ್ತೆ ಒತ್ತಿ, ಸಂಜೆಯ ಒಳಗೆ ಕೊನೆಯದಾಗಿ ಒತ್ತಿದ್ದೇ ಲೆಕ್ಕಕ್ಕೆ. ಹೆಂಗಸರು ಚಪ್ಪಾಳೆ ತಟ್ಟಿದರು. ಗೂಡಂಗಡಿಯ ಕಿಟಕಿಯಿಂದ ವನಜಳೂ ಕೇಳಿಸಿಕೊಳ್ಳುತ್ತಿದ್ದಳು.

ಓಟಿನ ದಿನ ಬೆಳಿಗ್ಗೆ ಬೇಬಿಯಕ್ಕ ಕಲ್ಲಿಗೆ ಕೈಮುಗಿದು ನನ್ನನ್ನು ತೆರೆದಳು. ಜಿಡ್ಡಿನ ಹೆಬ್ಬೆರಳನ್ನು ಮೀನಿನ ಮೇಲೆ ಅದುಮಿ ಒತ್ತಿದಳು, ಎಷ್ಟೆಂದರೆ ನನ್ನ ಗಾಜು ಬಿರಿಯುವ ಹಾಗೆ. ‘ನಿಮ್ಮ ಮತ ಸುರಕ್ಷಿತವಾಗಿದೆ’ ಎಂದು ನಾನು ತೋರಿಸಿದೆ. ಸುತ್ತಲ ಹೆಂಗಸರೂ ಒತ್ತಿದರು. ಬಹುಪಾಲು ಮೀನೇ. ಒಬ್ಬರಿಗೊಬ್ಬರು ತೋರಿಸಿಕೊಂಡು ನಕ್ಕರು. ಅಷ್ಟು ಹೊತ್ತಿಗೆ ದೋಣಿ ಬಂತು. ಎಂದಿನಂತೆ ಫೋನುಗಳನ್ನೆಲ್ಲ ವನಜಳ ಗೂಡಿನಲ್ಲಿ ಬಿಟ್ಟು ದಕ್ಕೆಗೆ ಓಡಿದರು.

ವನಜ ನನ್ನನ್ನೇ ಮೊದಲು ಎತ್ತಿಕೊಂಡಳು. ಸೆರಗಿನಿಂದ ಗಾಜು ಒರೆಸಿದಳು. ಎದುರಿನ ಕಲ್ಲಿನ ಕಡೆ ಒಮ್ಮೆ ನೋಡಿದಳು. ಎರಡು, ಏಳು, ಎರಡು, ಏಳು. ನಾನು ಏನು ಮಾಡಲಿ ಹೇಳಿ? ಬೆರಳಾದರೆ ಗುರುತು ಹಿಡಿದು ಒಲ್ಲೆ ಅನ್ನಬಹುದಿತ್ತು. ನಂಬರಿಗೆ ಮುಖ ಎಲ್ಲಿದೆ? ಬಾಗಿಲು ತೆರೆದುಕೊಂಡಿತು. ಆಪು ಒಂದು ಗುಟ್ಟಿನ ಅಂಕಿ ಕಳಿಸಿತು, ಅದೂ ನನ್ನ ಬಾಯಿಗೇ ಬಂತು, ಅವಳು ಓದಿಕೊಂಡಳು. ಒಣ, ತಣ್ಣನೆಯ, ಪೌಡರಿನ ವಾಸನೆಯ ಬೆರಳು ಕಟ್ಟಡದ ಮೇಲೆ ಕೂತಿತು. ‘ನಿಮ್ಮ ಮತ ಸುರಕ್ಷಿತವಾಗಿದೆ’ ಎಂದು ಅವಳಿಗೂ ತೋರಿಸಿದೆ! ಥೂ, ನನ್ನ ಬಾಯಿಗಿಷ್ಟು ಮಣ್ಣು! ಆಮೇಲೆ ಅವಳು ಆ ಅಂಕಿಯ ಮೆಸೇಜನ್ನೂ ಅಳಿಸಿ ಪಕ್ಕದ ಫೋನು ಎತ್ತಿಕೊಂಡಳು, ಅದರ ಪಕ್ಕದ್ದು, ಅದರ ಪಕ್ಕದ್ದು. ಪ್ರತಿ ಸಲವೂ ಒರೆಸುವುದು, ಕಲ್ಲು ನೋಡುವುದು, ಒತ್ತುವುದು. ನಡುವೆ ಒಮ್ಮೆ ಫೋನು ಕೆಳಗಿಟ್ಟು ಮುಖ ಒರೆಸಿಕೊಂಡಳು ಅನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಒರೆಸಿಕೊಂಡರೆ ಏನಾಯಿತು, ನಿಲ್ಲಿಸಲಿಲ್ಲವಲ್ಲ.

ಬೇಬಿಯಕ್ಕ ಬುಟ್ಟಿ ಇಳಿಸಿ ಬಂದು ನನ್ನನ್ನು ಎತ್ತಿಕೊಂಡಾಗ ನಾನು ಕನ್ನಡಿಯ ಹಾಗೆ ಹೊಳೆಯುತ್ತಿದ್ದೆ. “ಅಯ್ಯಬ್ಬ, ಇವತ್ತ್ ನನ್ ಫೋನ್ ಮದುವಣಗಿತ್ತಿ ಕಂಡಾಂಗ್ ಇತ್ತ್” ಎಂದು ನಕ್ಕಳು. ನನಗೆ ಸದ್ದು ಮಾಡಲು ಬರುತ್ತದೆ, ನಡುಗಲು ಬರುತ್ತದೆ, ಬೆಳಕು ಬಿಡಲು ಬರುತ್ತದೆ. ಯಾರಾದರೂ ಒತ್ತದೆ ಇವು ಯಾವುದೂ ಬರುವುದಿಲ್ಲ.

ಕಟ್ಟಡ ಗೆದ್ದಿತು.

ಆಮೇಲಿನದನ್ನು ನೆನೆದರೆ ಇವತ್ತಿಗೂ ನನ್ನ ಬ್ಯಾಟರಿ ಬಿಸಿಯಾಗುತ್ತದೆ. ಯಾರು ಕಟ್ಟಡ ಒತ್ತಿದರು? ತಿಳಿಯುವ ದಾರಿಯೇ ಇಲ್ಲ, ಗುಟ್ಟಲ್ಲವೆ! ಕೈ ಎತ್ತಿದ್ದರೆ ಕಳ್ಳಗೈಯಾದರೂ ಕಾಣುತ್ತಿತ್ತು. ಈಗ ಎಲ್ಲರ ಕೈಯೂ ಕಳ್ಳಗೈ. ಪಕ್ಕದ ಕಲ್ಲಿನವಳು, ಗುಲಾಬಿ, ಬೇಬಿಯಕ್ಕನಿಗೆ ಎಲೆಯಡಿಕೆ ಕೊಡುವುದು ನಿಲ್ಲಿಸಿದಳು. ಒಂದು ದಿನ ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ಬಿಟ್ಟಳು. “ಫೋನ್ ಓಟ್ ಬೇಕ್ ಅಂದದ್ದ್ ನೀನಲ್ದಾ? ದಿವಾಕರ ನಿಂಗ್ ಎಷ್ಟ್ ಕೊಟ್ಟ?”

ಬೇಬಿಯಕ್ಕ ಯಾರ ಹತ್ತಿರವೂ ಸೋತು ಮಾತಾಡಿದವಳಲ್ಲ. ಅವತ್ತು ವನಜಳ ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ವನಜ ನಿಂಬೆ ಸೋಡ ಮಾಡಿಕೊಟ್ಟು ಅವಳ ಬೆನ್ನು ಸವರಿದಳು.

“ಈಗಿನ ಕಾಲದಲ್ಲಿ ಯಾರನ್ನೂ ನಂಬುಕ್ ಆತ್ತಿಲ್ಲೆ ಅಕ್ಕ.”

ನಾನು ಬೇಬಿಯಕ್ಕನ ಮಡಿಲಲ್ಲಿದ್ದೆ. ಕೇಳಿಸಿಕೊಂಡೆ.

ಹೊಸ ಕಟ್ಟಡದ ಮಹಡಿಯಲ್ಲಿ ಬೇಬಿಯಕ್ಕನಿಗೆ ಸಿಕ್ಕಿದ್ದು ಹಿಂದಿನ ಮೂಲೆ. ಬಿಳಿ ಟೈಲ್ಸು, ನಂಬರಿನ ತಗಡು, ನೊಣ. ಗಿರಾಕಿಗಳೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದ ಮೀನನ್ನು ಬುಟ್ಟಿಗೆ ಹಾಕಿ ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗತೊಡಗಿದಳು. ಬೇಬಿಯಕ್ಕನ ಮಂಡಿ ಅದಕ್ಕೆ ಒಗ್ಗುವ ಕಾಲ ಮುಗಿದಿತ್ತು. ಕೆಳಗೆ ಮೆಟ್ಟಿಲಿನ ಪಕ್ಕ, ಎಲ್ಲರೂ ಹಾದುಹೋಗುವ ಕಡೆ, ಶಟರ್ ಇದ್ದ ಅಂಗಡಿ ವನಜಳಿಗೆ ಸಿಕ್ಕಿತ್ತು. ಸೋಡ, ಐಸ್‌ಕ್ರೀಂ, ತಂಪುಪೆಟ್ಟಿಗೆ. ಅಕ್ಕನಿಗೆ ಅದು ಸಂತೋಷವೇ. “ಪಾಪದ್ದ್, ಅದಾರೂ ಬದ್ಕಿಕೊಣ್ಲಿ” ಎಂದಿದ್ದಳು.

ಒಂದು ದಿನ ಬುಟ್ಟಿ ಹೊತ್ತು ಹೊರಡುವ ಮುಂಚೆ ನನ್ನನ್ನು ವನಜಳಿಗೆ ಕೊಟ್ಟು, “ಚಾರ್ಜಿಗೆ ಇಡ್, ಹಾಂಗೇ ನನ್ ಮಗಳಿಗೆ ಒಂದ್ ಫೋನ್ ಮಾಡ್, ನನ್ ಕೈಯೆಲ್ಲ ಬಂಗ್ಡಿ ಮೀನಿನ ಜಿಡ್ಡ್” ಎಂದಳು. ವನಜ ಅಭ್ಯಾಸಬಲದಿಂದ ಸೆರಗಿನಿಂದ ನನ್ನ ಗಾಜು ಒರೆಸಿದಳು. ಬೇಬಿಯಕ್ಕ ನಂಬರು ಹೇಳುವ ಮೊದಲೇ ಎರಡು, ಏಳು, ಎರಡು, ಏಳು ಎಂದು ಒತ್ತಿ ತೆರೆದು ಮಗಳ ಹೆಸರು ಹುಡುಕತೊಡಗಿದಳು.

ಬೇಬಿಯಕ್ಕ ಬುಟ್ಟಿಯನ್ನು ಕೆಳಗಿಟ್ಟಳು. ಒರೆಸಿದ ಗಾಜನ್ನೇ ನೋಡಿದಳು.

“ವನಜಾ, ಹಳೇ ಕಲ್ಲ್ ಇಲ್ಲಿಲ್ಲೆ. ನನ್ ನಂಬ್ರ ನಿಂಗ್ ಬಾಯಿಪಾಠ ಹ್ಯಾಂಗಾಯ್ತ್?”

ವನಜಳ ಬೆರಳು ಗಾಜಿನ ಮೇಲೇ ನಿಂತಿತು.

“ಓಟಿನ ದಿನವೂ ನನ್ ಫೋನ್ ಹೀಂಗೇ ಪಳಪಳ ಇತ್ತ್. ಗುಲಾಬಿದ್ದೂ ಇತ್ತ್. ಎಲ್ಲರದ್ದೂ ಇತ್ತ್.”

ಸುಳ್ಳು ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ. ತಲೆ ತಗ್ಗಿಸಿ, ಮೆಲ್ಲಗೆ ಮಾತಾಡಿದಳು. “ನಿಮ್ಗೆಲ್ಲ ಕಲ್ಲ್ ಇತ್ತ್, ಸಂಘ ಇತ್ತ್. ನಾನ್ ಸೋಡ ಮಾರುವವ್ಳ್, ನಂಗೊಂದ್ ಓಟಾರೂ ಇತ್ತಾ? ನಿಮ್ ಎಲ್ಲರ ಕಾಲ ಕೆಳಗ್ ತಗಡಿನ ಗೂಡಲ್ಲಿ ಕೂತ್ಕಂಡ್... ದಿವಾಕರಣ್ಣ ಈ ಅಂಗಡಿ ಕೊಡ್ತೆ ಅಂದ್ರ್. ನಂಗೂ ಒಂದ್ ಗೋಡೆ ಬೇಕಿತ್ತ್ ಅಕ್ಕ.”

“ಕೇಂಡಿದ್ರೆ ನನ್ ಕಲ್ಲಲ್ಲೇ ಅರ್ಧ ಕೊಡ್ತಿದ್ನಲ್ಲ ಹೆಣ್ಣೆ!” ಎಂದಳು ಬೇಬಿಯಕ್ಕ. ಅವಳ ಗಂಟಲು ಅಷ್ಟು ಸಣ್ಣದಾದದ್ದನ್ನು ನಾನು ಅವತ್ತೇ ಕೇಳಿದ್ದು. ಬುಟ್ಟಿಯನ್ನು ತಲೆಗೇರಿಸಿಕೊಂಡಳು. ವನಜ ನನ್ನನ್ನು ಅವಳ ಕಡೆ ಚಾಚಿದಳು. ಬೇಬಿಯಕ್ಕ ಮುಟ್ಟಲಿಲ್ಲ.

“ಅದ್ ನಿನ್ ಹತ್ರವೇ ಇರ್ಲಿ. ನಾನ್ ಮೀನ್ ಒತ್ತಿದ್ದೆ. ಅದ್ ನನ್ ಮಾತ್ ಬಿಟ್ಟ್ ನಿನ್ ಮಾತ್ ಕೇಂಡಿತ್.”

ಹೋಗಿಯೇ ಬಿಟ್ಟಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಂಬಿಕೆಗೆ ಕೊಳ್ಳಿಯಿಟ್ಟವಳು ವನಜ, ಬೀಗದ ನಂಬರನ್ನು ಬೀದಿಯಲ್ಲಿ ಬರೆದಿಟ್ಟುಕೊಂಡವಳು ನೀನು, ಸುರಕ್ಷಿತ ಸುರಕ್ಷಿತ ಎಂದು ನನ್ನ ಬಾಯಲ್ಲಿ ಹೇಳಿಸಿದವರು ಆಪಿನವರು. ಶಿಕ್ಷೆ ಮಾತ್ರ ನನಗೆ! ಇದು ಯಾವ ನ್ಯಾಯ ಬೇಬಿಯಕ್ಕ? ಕಳ್ಳಿಯ ಮನೆಯಲ್ಲೇ ನನ್ನನ್ನು ಬಿಟ್ಟು ಹೋದೆಯಲ್ಲ!

ಈಗ ನಾನಿರುವುದು ವನಜಳ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ, ಸೋಡ ಬಾಟಲಿಯ ಮುಚ್ಚಳಗಳ ನಡುವೆ. ಅಂಗಡಿಗೆ ಬರುವವರ ಮಾತು ಇಲ್ಲಿಗೆ ಕೇಳಿಸುತ್ತದೆ. ಬೇಬಿಯಕ್ಕ ಹಳೆಯ ಮಾರ್ಕೆಟ್ಟಿಗೆ ಹೋಗಿ ತನ್ನ ಕಲ್ಲು ತೊಳೆದು ಮೀನು ಹರಡಿಕೊಂಡು ಕೂತಿದ್ದಾಳಂತೆ. ಎಬ್ಬಿಸಲು ಬಂದವರಿಗೆ ಬೈದು ಕಳಿಸಿದಳಂತೆ. ನಡೆದದ್ದು ತಿಳಿದ ಗುಲಾಬಿ ಪಕ್ಕದಲ್ಲಿ ಹೋಗಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳಂತೆ. ಸಂಘದ ಸಭೆ ಮತ್ತೆ ಕರೆದಿದ್ದಾರೆ. ಈ ಸಲ ಹಗಲಿನಲ್ಲಿ, ಕಲ್ಲುಗಳ ಎದುರಿಗೇ ನಿಂತು, ಕೈ ಎತ್ತುತ್ತಾರಂತೆ. ಬೇಕಾದವರು ನೋಡಿಕೊಂಡು ಹೋಗಲಿ ಅಂದಳಂತೆ ಬೇಬಿಯಕ್ಕ. ಒಳ್ಳೆಯದಾಗಲಿ. ನನ್ನನ್ನು ಯಾರೂ ಕರೆಯಲಿಲ್ಲ.

ಮೊನ್ನೆ ವನಜ ನನ್ನನ್ನು ಹೊರಗೆ ತೆಗೆದಳು. ಮಾರಲಿಕ್ಕೋ, ಅಕ್ಕನಿಗೆ ಫೋನು ಮಾಡಿ ತಪ್ಪಾಯಿತು ಅನ್ನಲಿಕ್ಕೋ, ನನಗೆ ತಿಳಿಯದು. ಅಕ್ಕನ ಫೋನು ನಾನೇ ಅಲ್ಲವೆ, ಕರೆದರೂ ನನ್ನೊಳಗೇ ಸದ್ದಾಗಬೇಕು. ಗಾಜು ಒರೆಸಿದಳು. ಚಾರ್ಜಿಗೆ ಹಾಕಿದಳು. ತಂತಿ ಒಳಗೆ ಹೋಗಲಿಲ್ಲ. ಬಗ್ಗಿ ನೋಡಿದಳು, ಸೂಜಿ ತಂದು ಕೆದಕಿದಳು, ಊದಿದಳು. ಚಾರ್ಜಿನ ತೂತಿನ ಆಳದಲ್ಲಿ ಬಂಗುಡೆಯದೊಂದು ಹುರುಪೆ ಒಣಗಿ ಅಂಟಿಕೊಂಡಿತ್ತು. ಬೇಬಿಯಕ್ಕನ ಕೈಯಿಂದ ಬಂದದ್ದು. ಎಷ್ಟು ಕೆದಕಿದರೂ ಅದು ಬರಲಿಲ್ಲ. ನನ್ನ ಬ್ಯಾಟರಿ ಅಲ್ಲಿಗೆ ಮುಗಿಯುತ್ತ ಬಂದಿತ್ತು. ವನಜ ಗಾಬರಿಯಲ್ಲಿ ಎರಡು, ಏಳು, ಎರಡು, ಏಳು ಎಂದು ಒತ್ತಿದಳು. ಮತ್ತೆ ಒತ್ತಿದಳು.

ನಾನು ತೆರೆಯಲಿಲ್ಲ.