ನೀರುಬಲೆ ಕಟ್ಟುವ ಹೊತ್ತು

ನಡುಗುತ್ತಿವೆ, ತನ್ನ ಕಣ್ಣೇ ನಡುಗುತ್ತಿದೆಯೋ ಎಂದು ಮೈಕ್ರೋಸ್ಕೋಪಿನಿಂದ ಮುಖ ಎತ್ತಿ ಮತ್ತೆ ಇಟ್ಟಳು, ಇಲ್ಲ, ಅವೇ, ನೀರುಬಲೆ ಎಂಬ ಪಾಚಿಯ ಒಂದೇ ಒಂದು ಉದ್ದನೆಯ ಕೋಶದೊಳಗೆ ಸಾವಿರಾರು ಹಸಿರು ಮರಿಗಳು, ಈಜಲು ಚಾಟಿಯಂಥ ಎಳೆಗಳಿದ್ದರೂ ಎಲ್ಲೂ ಹೋಗದೆ ಇದ್ದಲ್ಲೇ ನಡುಗುತ್ತಿವೆ — ಇನ್ನೇನು ನಿಂತುಬಿಡುತ್ತವೆ, ಒಂದಕ್ಕೊಂದು ತುದಿ ತಾಗಿಸಿ ಒಳಗೇ ಪುಟ್ಟ ಬಲೆಯಾಗುತ್ತವೆ, ಆ ಗಳಿಗೆ ತಪ್ಪಿದರೆ ಬೇರೆ ಕೋಶ ಹುಡುಕಬೇಕು, ಆದರೂ ಕಣ್ಣು ಪಕ್ಕದ ಫೋನಿನ ಮೇಲೆ, ಮಗಳು ಇಷ್ಟೊತ್ತಿಗೆ ತಲುಪಿರಬೇಕು, ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, ಅಮ್ಮಾ, ನೀನು ಬರೋದು ಬೇಡ, ಅವರನ್ನ ಒಬ್ಬಳೇ ನೋಡಿ ಬರ್ತೀನಿ, ಅವರನ್ನ — ಹೆತ್ತಮ್ಮನ್ನ ಅನ್ನಲಿಲ್ಲ ಸದ್ಯ, ಆ ಬಹುವಚನಕ್ಕೆ ಜೋತುಬಿದ್ದೇ ಇವಳು ಬಸ್ಸು ಹತ್ತಿ ಲ್ಯಾಬಿಗೆ ಬಂದಿದ್ದು, ಬಹುವಚನ ಅಂದರೆ ದೂರ, ಬ್ಯಾಂಕಿನವರು, ಡಾಕ್ಟರು, ಮನೆ ಓನರು, ಮಾತು ಬರುವ ಮೊದಲೇ ಎತ್ತಿಕೊಂಡು ಬಂದು ಸಾಕಿದ ತನಗೆ ಮಾತ್ರ ನೀನು, ಜ್ವರದಲ್ಲೂ ನೀನು, ಸಿಟ್ಟಲ್ಲಿ ನಿಂಗೇನೂ ಗೊತ್ತಾಗಲ್ಲ ಹೋಗು, ಜನ ಏಕವಚನಕ್ಕಿಳಿದರೆ ಜಗಳ ಅನ್ನುತ್ತಾರೆ, ಈ ಮನೆಯಲ್ಲಿ ಅದೇ ಮುದ್ದು, ಎದುರು ಕೂತಾಗ ಹೆತ್ತವಳಿಗೂ ನೀವು ಅನ್ನುತ್ತಾಳೆ, ಮೊದಲ ಸಲ ತಾನೆ, ಎರಡನೇ ಸಲಕ್ಕೆ? — ಏಯ್, ಲೆನ್ಸ್ ಇಳಿಸ್ತಾನೇ ಇದೀಯಲ್ಲೇ, ಗಾಜು ಒಡೀತೀಯ ಈಗ, ಅಂದಳು ಪಕ್ಕದ ಮೇಜಿನ ಗೆಳತಿ, ಹೌದಲ್ಲ, ಕೈ ತನ್ನಪಾಡಿಗೆ ತಿರುಪು ತಿರುಗಿಸುತ್ತಲೇ ಇದೆ, ಹಿಂದಕ್ಕೆ ತಿರುಗಿಸಿದಳು, ಹೋದ ವಾರ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು, ಮೇಡಂ, ಬಲೆ ಆದ್ಮೇಲೆ ತಾಯಿಕೋಶ ಎಲ್ಲಿ ಹೋಗತ್ತೆ, ಎಲ್ಲೂ ಹೋಗಲ್ಲಮ್ಮ, ಒಳಗಿದ್ದಿದ್ದೆಲ್ಲ ಮಕ್ಕಳೇ ಆಗೋಯ್ತು, ಉಳಿದಿದ್ದು ಬರೀ ಗೋಡೆ, ಅದೂ ಕರಗತ್ತೆ, ಎಲ್ಲರೂ ನಕ್ಕರು, ತಾನೂ ನಕ್ಕಳು, ಹಾಗಾದರೆ ತಾನು ಕೊಟ್ಟಿದ್ದು ಗೋಡೆಯೊಂದೇ ಏನು, ಇರಲಿ, ಗೋಡೆ ಇಲ್ಲದಿದ್ದರೆ ಇವೆಲ್ಲ ನೀರಲ್ಲಿ ಚೆಲ್ಲಾಪಿಲ್ಲಿ, ಗೋಡೆ ಇದ್ದದ್ದಕ್ಕೇ — ಫೋನು ಗುಂಯ್ ಅಂದಿತು. ಮಗಳ ಮೆಸೇಜು. ಅಮ್ಮಾ, ನೀವು ಅಂತ ಮಾತಾಡಿಸ್ದೆ, ಆಗಿಂದ ಅಳ್ತಾನೇ ಇದಾರೆ, ಟೀ ತರ್ತೀನಿ ಅಂತ ಎದ್ದು ಬಂದಿದೀನಿ, ಏನ್ ಮಾಡ್ಲಿ. ಅಳಲಿ, ಅನ್ನಿಸಿತು, ಇಷ್ಟು ವರ್ಷ ಎಲ್ಲಿದ್ದಳಂತೆ, ಬಂದುಬಿಡು ಎಂದು ಒತ್ತಿದಳು, ಅಳಿಸಿದಳು, ನಿನ್ನಿಷ್ಟ ಎಂದು ಒತ್ತಿದಳು, ಅದು ಇನ್ನೂ ಕೆಟ್ಟದ್ದು, ಹುಡುಗಿ ಯಾವುದೋ ಟೀ ಅಂಗಡಿಯ ಮುಂದೆ ಎರಡು ಲೋಟ ಹಿಡಿದು ಕಾಯುತ್ತಿದೆ, ಬಿಸಿ ಸುಡುತ್ತಿರುತ್ತದೆ, ನೀನು ಅನ್ನು, ಎಂದು ಒತ್ತಿದಳು, ಕಳಿಸಿಯೇ ಬಿಟ್ಟಳು, ಮಗಳು ಓದಿದ್ದಾಳೆ, ಫೋನು ಬೋರಲು ಹಾಕಿ ಕಣ್ಣು ಗಾಜಿಗಿಟ್ಟಳು, ನಿಂತವೇ, ಸೇರಿದವೇ, ಇಲ್ಲ, ಇದ್ದಲ್ಲೇ, ಹಸಿರು, ಇನ್ನೂ ನಡುಗುತ್ತಿವೆ, ನಡುಗುತ್ತಿವೆ