ಗ್ಯಾರೇಜಿನಲ್ಲಿ ಉಳಿದ ಚಿಪ್ಪಿನ ಚೀಲ

೨೦೨೦ರ ಬೇಸಿಗೆಯಲ್ಲಿ ಮೀರಾ ಮೆಸಾ ಬಡಾವಣೆಯ ಮನೆ ಖಾಲಿ ಮಾಡಿ ಲಾಸ್ ಏಂಜಲೀಸಿನ ಮಗಳ ಮನೆಗೆ ಹೊರಟ ತೆರೆಸಾ ಆಂಟಿ, ತಮ್ಮ ನಾಲ್ಕು ಕೋಳಿಗಳನ್ನು ಪಕ್ಕದ ಮನೆಯ ದ್ರಾಕ್ಷಾಯಣಿಗೆ ಕೊಟ್ಟರು. ಬೇಕೆಂದು ಹಟ ಹಿಡಿದದ್ದು ದ್ರಾಕ್ಷಾಯಣಿಯ ಮಗಳು ಮೇಧಾ. ಹತ್ತು ವರ್ಷದ ಹುಡುಗಿ. ಶಾಲೆಯೆಲ್ಲ ಲ್ಯಾಪ್‌ಟಾಪಿನಲ್ಲಿ, ಆಡಲು ಜೊತೆಯಿಲ್ಲ. ಮನೆಯಲ್ಲಿ ಮೊಟ್ಟೆ ತಿನ್ನುವವರು ಯಾರೂ ಇರಲಿಲ್ಲ. ಬೀದಿಯವರಿಗೆ ಹಂಚಿದರಾಯಿತು ಎಂದು ಗಂಡ ಜಯಂತನೂ ಒಪ್ಪಿದ.

ಗೂಡಿನ ಜೊತೆ ತೆರೆಸಾ ಎರಡು ಚೀಲ ಬಿಟ್ಟುಹೋದರು. ಒಂದರಲ್ಲಿ ಮೊಟ್ಟೆಯಿಡುವ ಕೋಳಿಗಳ ತಿನಿಸು, ಇನ್ನೊಂದರಲ್ಲಿ ಒಡೆದು ತರಿ ಮಾಡಿದ ಸಮುದ್ರದ ಚಿಪ್ಪು. ಚಿಪ್ಪನ್ನು ತಿನಿಸಿಗೆ ಬೆರೆಸುವುದು ಬೇಡ, ಬೇರೆ ಬಟ್ಟಲಿನಲ್ಲಿಡು, ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ಯಾವ ಕೋಳಿಗೆ ಎಷ್ಟು ಬೇಕೋ ಅಷ್ಟು ತಿನ್ನುತ್ತದೆ, ಬಟ್ಟಲು ಮಾತ್ರ ಬರಿದಾಗಬಾರದು ಎಂದು ಮಾಸ್ಕಿನೊಳಗಿಂದಲೇ ತಿಳಿಸಿಹೇಳಿದ್ದರು.

ದ್ರಾಕ್ಷಾಯಣಿ ಆ ಚೀಲದ ಬಾಯಿ ಬಿಚ್ಚಿದಾಗ ಸಮುದ್ರದಂಡೆಯ ಹಸಿ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲಕ್ಕೆ ಇದರೊಳಗೆ ಜೀವವಿತ್ತು ಎನ್ನಿಸಿ ಕೈ ಹಿಂದೆಳೆದಳು. ಚೀಲ ಕಟ್ಟಿ ಗ್ಯಾರೇಜಿನ ಮೂಲೆಗೆ ಸರಿಸಿದಳು. ಬಟ್ಟಲು ಎಲ್ಲಿ ಎಂದು ಮೇಧಾ ಕೇಳಿದಾಗ, ಅಜ್ಜಿಗೆ ಅದೆಲ್ಲ ಸರಿಬರೋದಿಲ್ಲ ಎಂದುಬಿಟ್ಟಳು. ಮಗಳು ಮತ್ತೆ ಕೇಳಲಿಲ್ಲ.

ಅಜ್ಜಿ ಎಂದರೆ ಜಯಂತನ ತಾಯಿ ಸಾವಿತ್ರವ್ವ. ಚಳಿಗಾಲ ಕಳೆಯಲೆಂದು ಧಾರವಾಡದಿಂದ ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಿತ್ತಲಿಗೆ ಬಂದು ಗೂಡಿನೆದುರು ಕುರ್ಚಿ ಹಾಕಿಕೊಳ್ಳುವರು. ಕಂದು ಬಣ್ಣದ ಕೋಳಿಗೆ ಕೆಂಪವ್ವ ಎಂದು ಹೆಸರಿಟ್ಟಿದ್ದರು. ಅದು ಅವರ ಕಾಲ ಬಳಿಯೇ ಕೂರುತ್ತಿತ್ತು. ಮೇಧಾ ಅಜ್ಜಿಯ ಪಕ್ಕದಲ್ಲಿ ಕೂತು, ಅವರು ಕನ್ನಡದಲ್ಲಿ ಹೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅದರಿಂದ ತೊಂದರೆಯಾಗಲಿಲ್ಲ.

ತೆರೆಸಾ ಕೊಟ್ಟ ತಿನಿಸು ಮುಗಿಯಿತು. ಆ ವರ್ಷ ಊರಿಗೆ ಊರೇ ಕೋಳಿ ಸಾಕಲು ಹೊರಟಿತ್ತು; ಅಂಗಡಿಗೆ ಹೋದಾಗಲೆಲ್ಲ ಸ್ಟಾಕ್ ಇಲ್ಲ ಎನ್ನುತ್ತಿದ್ದರು. ಅನ್ನ, ಮೆಕ್ಕೆಜೋಳ, ಗೋಧಿ ಹಾಕಿದರು. ಕೋಳಿಗಳು ಆಸೆಯಿಂದ ತಿಂದವು, ಮೊಟ್ಟೆಯನ್ನೂ ಇಟ್ಟವು. ಆದರೆ ಸಿಪ್ಪೆ ತೆಳುವಾಗುತ್ತ ಬಂತು. ಎತ್ತಿಕೊಳ್ಳುವಾಗ ಬೆರಳು ತಾಗಿದರೆ ಬಿರುಕು. ಒಂದು ದಿನ ಸಿಪ್ಪೆಯೇ ಇಲ್ಲದ, ಮೆತ್ತಗಿನ ಮೊಟ್ಟೆ ಹುಲ್ಲಿನ ಮೇಲೆ ಬಿದ್ದಿತ್ತು. ದ್ರಾಕ್ಷಾಯಣಿಗೆ ಗ್ಯಾರೇಜಿನ ಚೀಲ ನೆನಪಾಯಿತು. ಶನಿವಾರ ನೋಡೋಣ ಎಂದುಕೊಂಡು, ಪಕ್ಕದ ಬಡಾವಣೆ ಸ್ಕ್ರಿಪ್ಸ್ ರ್ಯಾಂಚಿನಲ್ಲಿದ್ದ ತನ್ನ ಲ್ಯಾಬಿನ ಮೀಟಿಂಗಿಗೆ ಕಂಪ್ಯೂಟರ್ ಮುಂದೆ ಕೂತಳು.

ಶುಕ್ರವಾರ ಕೆಂಪವ್ವ ಗೂಡಿನಿಂದ ಹೊರಗೆ ಬರಲಿಲ್ಲ. ಬಾಲ ಇಳಿಬಿಟ್ಟು ತಿಣುಕುತ್ತ ನಿಂತಿತ್ತು. ಮೊಟ್ಟೆ ಒಳಗೇ ಸಿಕ್ಕಿಕೊಂಡಿತ್ತು. ಫೋನಿನಲ್ಲಿ ಸಿಕ್ಕ ಪಶುವೈದ್ಯೆ, ಬೆಚ್ಚಗಿನ ನೀರಿನಲ್ಲಿ ಕೂರಿಸಿ, ತಕ್ಷಣ ಕರೆತನ್ನಿ ಎಂದರು. ಏನು ತಿನ್ನಿಸುತ್ತೀರಿ ಎಂದೂ ಕೇಳಿದರು. ತಿನಿಸಿನಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಸಿಪ್ಪೆ ಕಟ್ಟುತ್ತದೆ, ಅದೂ ತೀರಿದರೆ ಮೊಟ್ಟೆಯನ್ನು ಹೊರಗೆ ತಳ್ಳಲೂ ಬಲ ಇರುವುದಿಲ್ಲ ಎಂದು ಸಮಾಧಾನವಾಗಿಯೇ ವಿವರಿಸಿದರು. ದ್ರಾಕ್ಷಾಯಣಿ ಕಾರಿನ ಕೀ ಹುಡುಕುತ್ತಿರುವಾಗಲೇ, ಟಬ್ಬಿನ ಬಳಿ ಕೂತಿದ್ದ ಸಾವಿತ್ರವ್ವನ ಕೈಯಲ್ಲಿ ಕೋಳಿ ಗೋಣು ಚೆಲ್ಲಿತು.

ಮೇಧಾ ಅಳಲಿಲ್ಲ. ಅಜ್ಜಿಯ ಒದ್ದೆ ಸೆರಗನ್ನೇ ನೋಡುತ್ತ ನಿಂತಿದ್ದವಳು, "ಯು ಡಿಡಂಟ್ ಲೈಕ್ ಇಟ್, ಅಜ್ಜಿ. ಅದಕ್ಕೇ ಅಮ್ಮ ಆ ಶೆಲ್ ಹಾಕಲಿಲ್ಲ" ಎಂದಳು.

ಸಾವಿತ್ರವ್ವ ಸೊಸೆಯ ಮುಖ ನೋಡಿದರು. ದ್ರಾಕ್ಷಾಯಣಿ ಟಬ್ಬಿನ ನೀರು ಚೆಲ್ಲಲು ಬಗ್ಗಿದಳು. ನಾನು ಯಾವಾಗ ಹಾಗೆಂದೆ ಎಂದು ಅವರು ಕೇಳಲಿಲ್ಲ. ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಮೊಮ್ಮಗಳ ಕೈಗೆ ಕೊಟ್ಟು, ಒಳಗೆ ಸ್ನಾನಕ್ಕೆ ಹೋದರು.

ಜಯಂತ ನಿಂಬೆಗಿಡದ ಪಕ್ಕ ಗುಂಡಿ ತೋಡಿ ಕೋಳಿಯನ್ನು ಮಣ್ಣು ಮಾಡಿದ. ಆಮೇಲೆ ಅಡುಗೆಮನೆಯಲ್ಲಿ ದ್ರಾಕ್ಷಾಯಣಿ ಅತ್ತೆಯ ಹತ್ತಿರ ಹೋದಳು.

"ನೀವು ಬ್ಯಾಡ ಅಂತೀರಿ ಅನ್ಕೊಂಡೆ, ಅತ್ತಿ."

"ಒಂದ್ ಮಾತು ಕೇಳಬೇಕಿತ್ತವಾ," ಎಂದರು ಸಾವಿತ್ರವ್ವ. "ಕೋಳಿ ಹುಳಾ ತಿಂತದ, ಅದು ನನಗ ಗೊತ್ತಿಲ್ಲೇನು? ನಮ್ಮ ಆಚಾರ ನಮಗ. ಅದಕ್ಯಾಕ?"

ತನಗೇ ಅಸಹ್ಯವಾಗಿತ್ತು, ಅತ್ತೆಯ ಹೆಸರು ಹೇಳುವುದು ಸುಲಭವಾಗಿತ್ತು ಎನ್ನುವುದನ್ನು ದ್ರಾಕ್ಷಾಯಣಿ ಮುಚ್ಚಿಟ್ಟಳು. ಮರುದಿನ ಚಿಪ್ಪಿನ ಬಟ್ಟಲು ಇಟ್ಟಳು. ಮೂರು ಕೋಳಿಗಳೂ ಕಾದಿದ್ದವೆಂಬಂತೆ ಮುಗಿಬಿದ್ದವು. ಬರಬರುತ್ತ ಸಿಪ್ಪೆ ಗಟ್ಟಿಯಾಯಿತು. ಸಾವಿತ್ರವ್ವನ ಕುರ್ಚಿ ಮಾತ್ರ ಹಿತ್ತಲಿಗೆ ಬರಲಿಲ್ಲ. ಮೇಧಾ ತಟ್ಟೆ ಹಿಡಿದು ತನ್ನ ರೂಮಿನಲ್ಲೇ ಉಣ್ಣತೊಡಗಿದಳು. ವಿಮಾನ ಸಿಕ್ಕ ದಿನ ಅಜ್ಜಿ ತಲೆ ಸವರಿದಾಗ ಸುಮ್ಮನೆ ನಿಂತಳು, ಅಪ್ಪಿಕೊಳ್ಳಲಿಲ್ಲ.

ದ್ರಾಕ್ಷಾಯಣಿ ಮಗಳಿಗೆ ನಿಜ ಹೇಳಿದ್ದು ಅದಾದ ಮೇಲೆ, ಏರ್‌ಪೋರ್ಟಿನಿಂದ ವಾಪಸು ಬರುವ ದಾರಿಯಲ್ಲಿ. ಅಜ್ಜಿ ಅಂಥ ಮಾತು ಯಾವತ್ತೂ ಆಡಿರಲಿಲ್ಲ, ನಾನೇ ಹುಟ್ಟಿಸಿ ಹೇಳಿದ್ದು ಎಂದಳು. ಅಜ್ಜಿ ಇಲ್ಲಿದ್ದಾಗಲೇ ಯಾಕೆ ಹೇಳಲಿಲ್ಲ ಎಂದು ಮೇಧಾ ಇಂಗ್ಲಿಷಿನಲ್ಲಿ ಕೇಳಿದಳು.

ಮುಂದಿನ ವಿಡಿಯೋ ಕಾಲಿನಲ್ಲಿ ಮೇಧಾ ತಾನಾಗಿ ಕನ್ನಡದಲ್ಲಿ, ಸಾರಿ ಅಜ್ಜಿ, ನಂದು ತಪ್ಪು ಎಂದಳು. ನೀನು ಸಣ್ಣಾಕಿ, ನಿಂದೇನು ತಪ್ಪವಾ ಎಂದು ಸಾವಿತ್ರವ್ವ ನಕ್ಕರು. ಈಗಲೂ ಅಜ್ಜಿ ಮೊಮ್ಮಗಳು ಭಾನುವಾರ ತಪ್ಪದೆ ಮಾತಾಡುತ್ತಾರೆ. ಮತ್ತೆ ಬಾ ಎಂದು ಜಯಂತ ಕರೆದಾಗಲೆಲ್ಲ ಸಾವಿತ್ರವ್ವ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಮೊಣಕಾಲು ನೋವು ಇರಬೇಕು ಎಂದು ಅವನು ನಂಬಿದ್ದಾನೆ. ಅದಲ್ಲ ಎಂದು ಗೊತ್ತಿದ್ದೂ ದ್ರಾಕ್ಷಾಯಣಿ ತಿದ್ದಲು ಹೋಗಿಲ್ಲ.